ಬೆಚ್ಚಗಿನ ಕೋಣೆಯ ಆರ್ಕಿಟೆಕ್ಟ್

ಇಪ್ಪತ್ತಾರು ಜನ ನನ್ನ ನಕ್ಷೆಗೆ ಒಪ್ಪಿದ್ದಾರೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಬೆಳಿಗ್ಗೆಯಿಂದಲೇ ಇದನ್ನು ಶುರು ಮಾಡಬೇಕು. ಆ ಪುಟ ಇನ್ನೂ ನನ್ನ ಹತ್ತಿರ ಇದೆ. ಇಲ್ಲದಿದ್ದರೆ ಹಾಗೆ ಬರೆದಿದ್ದೆ ಎಂದು ನಾನೇ ನಂಬುತ್ತಿರಲಿಲ್ಲ.

ಆಗ ಡಿಸೆಂಬರ್, ಅರೇಬಿಕಾ ಕೊಯ್ಲಿನ ಸಮಯ. ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯಲ್ಲಿ ಒಂದು ಕಾಫಿ ಎಸ್ಟೇಟು. ಅಲ್ಲಿನ ಲೈನು, ಅಂದರೆ ತೋಟದ ಕೆಲಸದವರು ವಾಸಿಸುವ ಸಾಲುಮನೆ, ಗೋಡೆ ಬಿರುಕು ಬಿಟ್ಟು ಇನ್ನೊಂದು ಮಳೆಗಾಲ ತಡೆಯುವ ಹಾಗಿರಲಿಲ್ಲ. ಅದನ್ನು ಕೆಡವಿ ಹನ್ನೆರಡು ಹೊಸ ಮನೆ ಕಟ್ಟಿಸಬೇಕೆಂದು ಎಸ್ಟೇಟಿನ ಯಜಮಾನರು ನಮ್ಮ ಕಚೇರಿಗೆ ಹೇಳಿದ್ದರು. ಕಚೇರಿ ಎಂದರೆ ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿ ಮೇಲಿನ ಎರಡು ಕೋಣೆ, ನಾನು, ಮತ್ತು ಎರಡು ವರ್ಷದಿಂದ ನನ್ನ ಜೊತೆಗಿದ್ದ ಒಬ್ಬ ಕಿರಿಯ ಆರ್ಕಿಟೆಕ್ಟ್. ಅವರು ಕಳಸದ ಕಡೆಯವರು. ತಾಯಿ ತೋಟದ ಕೆಲಸ ಮಾಡಿಯೇ ಮಗಳನ್ನು ಓದಿಸಿದವರು; ಮಗಳು ಬೆಳೆದದ್ದು ಇಂಥದೇ ಒಂದು ಲೈನಿನಲ್ಲಿ. ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ಲೈನು ಮನೆಯ ಮೊದಲ ನಕ್ಷೆಯನ್ನು ನಾನೊಬ್ಬನೇ ಕೂತು ಬರೆದೆ. ಬರೆದು ಮುಗಿಸಿ, ಕಂಪ್ಯೂಟರಿಗೆ ಹಾಕಲು ಅವರಿಗೆ ಕೊಟ್ಟೆ.

ಎಸ್ಟೇಟಿನಲ್ಲಿ ಬೆಳಗಿನ ಹಾಜರಿ ನಡೆಯುವುದು ಕಾಫಿ ಒಣಗಿಸುವ ಕಣದ ಅಂಚಿನಲ್ಲಿ. ಹೆಸರು ಕರೆಯುವವರು ರೈಟರು. ತೋಟದ ಕಚೇರಿ ಕೆಲಸವೆಲ್ಲ ಅವರದೇ. ಅಷ್ಟೂ ಜನ ಸಾಲಾಗಿ ನಿಂತಿದ್ದನ್ನು ನೋಡಿ ನನಗೆ ಹುಮ್ಮಸ್ಸು ಬಂತು. ಮನೆಮನೆ ಅಲೆಯಬೇಕಿಲ್ಲ, ಎಲ್ಲರ ಅಭಿಪ್ರಾಯ ಅರ್ಧ ಗಂಟೆಯಲ್ಲಿ ಸಿಕ್ಕಿಬಿಡುತ್ತದೆ. ಜೀಪಿನ ಬಾನೆಟ್ ಮೇಲೆ ನಕ್ಷೆ ಹರಡಿದೆ.

ಅಷ್ಟರಲ್ಲಿ ರೈಟರು ಬಂದರು. ನನ್ನ ಸಹೋದ್ಯೋಗಿ ಕೈಯಲ್ಲಿ ಅಳತೆ ಟೇಪು, ಕಂಕುಳಲ್ಲಿ ಸೈಟಿನ ಟಿಪ್ಪಣಿ ಬರೆಯುವ ಫೀಲ್ಡ್ ಬುಕ್ಕು ಹಿಡಿದು ನಿಂತಿದ್ದರು.

"ಏನಮ್ಮ, ಆರ್ಕಿಟೆಕ್ಟ್ ಬಂದಿಲ್ವಾ?" ಎಂದು ರೈಟರು ಅವರನ್ನೇ ಕೇಳಿದರು.

"ಅಲ್ಲಿದ್ದಾರೆ," ಎಂದು ಅವರು ನನ್ನ ಕಡೆ ತೋರಿಸಿದರು.

ಹತ್ತು ನಿಮಿಷ ವಿವರಿಸಿದೆ. ಮುಂದೆ ಜಗಲಿ, ಒಂದು ಹಾಲ್, ಒಂದು ಕೋಣೆ, ಗ್ಯಾಸ್ ಇಡುವ ಕಟ್ಟೆಯ ಅಡುಗೆಮನೆ, ಒಳಗೇ ಬಚ್ಚಲು. ಸೌದೆ ಒಲೆ ಇಲ್ಲ, ಹೊಗೆ ಇಲ್ಲ, ಮಸಿ ಇಲ್ಲ. ಆಮೇಲೆ ಒಬ್ಬೊಬ್ಬರನ್ನೇ ಕರೆದು ಕೇಳಿ ಎಂದು ರೈಟರಿಗೆ ಹೇಳಿದೆ. ಅವರು ದಿನದ ಪುಸ್ತಕ ತೆಗೆದು ಹೆಸರು ಕರೆದರು. ಪ್ರತಿಯೊಬ್ಬರೂ "ಹೂಂ ಸಾರ್" ಎಂದರು. ನಾನು ಗುರುತು ಹಾಕುತ್ತ ಹೋದೆ. ಇಪ್ಪತ್ತಾರಕ್ಕೆ ಇಪ್ಪತ್ತಾರು.

ವಾಪಸು ಬರುವಾಗ ಜೀಪಿನಲ್ಲಿ ನಾನೇ ಮಾತು ತೆಗೆದೆ.

"ಎಷ್ಟು ಚೆನ್ನಾಗಿ ಹೋಯ್ತು, ಅಲ್ವಾ?"

"ಯಾವುದು ಸಾರ್?"

"ಒಪ್ಪಿಗೆ. ಒಬ್ರೂ ಬೇಡ ಅನ್ಲಿಲ್ಲ."

"ಅದು ಹಾಜರಿ ಸಾರ್," ಎಂದರು ಅವರು. "ರೈಟರು ಹೆಸರು ಕರೆದ್ರೆ ಹೂಂ ಅನ್ಬೇಕು. ಅನ್ನದಿದ್ರೆ ಆವತ್ತು ಕೆಲಸಕ್ಕಿಲ್ಲ ಅಂತ ಲೆಕ್ಕ. ನಮ್ಮಮ್ಮ ಮೂವತ್ತು ವರ್ಷ ಹಾಗೇ ಹೂಂ ಅಂದಿದಾರೆ. ಮನೆ ಹ್ಯಾಂಗಿರ್ಬೇಕು ಅಂತ ಅಲ್ಲಿ ಯಾರೂ ಕೇಳಿಸ್ಕೊಳ್ಳೂ ಇಲ್ಲ."

ನಾನು ಯಾವುದನ್ನೂ ಸಾಕ್ಷಿ ಇಲ್ಲದೆ ಒಪ್ಪದವನು ಎಂದು ಹೆಮ್ಮೆಪಡುತ್ತಿದ್ದವನು. ಆರ್ಕಿಟೆಕ್ಟುಗಳ ಸಭೆಗಳಲ್ಲಿ ಎಲ್ಲರನ್ನೂ ಒಳಗೊಳ್ಳಬೇಕು, ಎಲ್ಲರಿಗೂ ಪ್ರಾತಿನಿಧ್ಯ ಸಿಗಬೇಕು ಎಂದು ಯಾರಾದರೂ ಭಾಷಣ ಶುರು ಮಾಡಿದರೆ ಕಾಫಿಗೆ ಎದ್ದು ಹೋಗುತ್ತಿದ್ದೆ. ಆ ಪದಗಳಿಂದ ಯಾವ ಗೋಡೆಯೂ ಒಂದಿಂಚು ಆಚೀಚೆ ಆಗುವುದಿಲ್ಲ ಎಂಬುದು ನನ್ನ ವಾದ. ಈಗ ನೋಡಿದರೆ ಇಪ್ಪತ್ತಾರು ಸಾಕ್ಷಿಗಳನ್ನು ಜೇಬಿನಲ್ಲಿಟ್ಟುಕೊಂಡು ಕೂತಿದ್ದೆ, ಒಂದೂ ಕೆಲಸಕ್ಕೆ ಬರುವಂಥದ್ದಲ್ಲ.

"ಹಾಗಾದ್ರೆ ಹೇಗೆ ಕೇಳೋದು?" ಎಂದೆ.

"ಭಾನುವಾರ ಹೋಗೋಣ. ರೈಟರು ಬೇಡ. ನೀವು ಸ್ವಲ್ಪ ಕಮ್ಮಿ ಮಾತಾಡಿ."

ಜನವರಿಯ ಒಂದು ಭಾನುವಾರ ಮಧ್ಯಾಹ್ನ ಹೋದೆವು. ಲೈನಿನ ಕೊನೆಮನೆಯಲ್ಲಿ ಐವತ್ತೈದು ದಾಟಿದ ಒಬ್ಬ ಹೆಂಗಸು ಇದ್ದರು. ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಡಿಸೆಂಬರಿನಲ್ಲಿ ಎಲ್ಲರಿಗಿಂತ ಜೋರಾಗಿ ಹೂಂ ಎಂದವರು ಅವರೇ.

"ಬನ್ನಿ ಸಾರ್, ಕೂತ್ಕಳಿ. ನಿಮ್ಮ ಮನೆ ನೋಡಿದ್ನಲ್ಲ, ಚಂದ ಉಂಟು. ಬೇಸಿಗೇಲಿ ಇರ್ಲಿಕ್ಕೆ ಏನೂ ಅಡ್ಡಿ ಇಲ್ಲ."

"ಮಳೆಗಾಲದಲ್ಲಿ?"

"ಮಳೆಗಾಲ್ದಲ್ಲಿ ಬಂಗ್ಲೆಗೆ ಹೋಗ್ತೀವಿ. ಯಜಮಾನ್ರು ಒಂದು ಕೋಣೆ ಬಿಟ್ಟು ಕೊಡೋದಿಲ್ವಾ ಎಂತ?"

ಅವರು ನಕ್ಕರು, ನನ್ನ ಸಹೋದ್ಯೋಗಿಯೂ ನಕ್ಕರು. ನನಗೆ ಅರ್ಥವಾಗಲಿಲ್ಲ. ಅಕ್ಕ ನನ್ನನ್ನು ಒಳಗೆ ಕರೆದು ಒಲೆಯ ಮೇಲ್ಗಡೆ ಬೆರಳು ತೋರಿಸಿದರು. ಮಸಿ ಹಿಡಿದ ಬಿದಿರಿನ ಅಟ್ಟ. ಒಂದು ಕಡೆ ಸೌದೆ, ಒಂದು ಕಡೆ ಹಲಸಿನ ಬೀಜದ ಬುಟ್ಟಿ, ಅದರ ಕೆಳಗೆ ಎರಡು ಹಗ್ಗ.

"ಜೂನಿಂದ ಆಗಸ್ಟಿನ ತನಕ ದಿನಾ ನೆಂದೇ ಬರೋದು ಸಾರ್. ಒಂದು ಜೊತೆ ಬಟ್ಟೆ ಮೈಮೇಲೆ, ಒಂದು ಜೊತೆ ಒಲೆಮೇಲೆ. ನೀವು ಒಲೆನೇ ತೆಗ್ದಿದೀರಿ. ಗ್ಯಾಸಲ್ಲಿ ಅನ್ನ ಆಗ್ತದೆ, ಕಂಬಳಿ ಒಣಗ್ತದಾ?"

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಅಂಗಳಕ್ಕೆ ಬಂದು ಸೂರಿನ ಉದ್ದ, ನೆಲಗಟ್ಟಿನ ಎತ್ತರ ಅಳೆಯತೊಡಗಿದೆ. ಒಳಗೆ ಅವರಿಬ್ಬರೂ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಏನೆಂದು ಆಮೇಲೆ ಫೀಲ್ಡ್ ಬುಕ್ಕಿನಲ್ಲಿ ಓದಿದೆ: ಹೆಂಗಸರ ಒಳಬಟ್ಟೆ ಹತ್ತು ಜನ ಓಡಾಡುವ ಜಗಲಿಯಲ್ಲಿ ಹರವುವಂತಿಲ್ಲ, ಒದ್ದೆಯನ್ನೇ ಉಟ್ಟು ಮೈಯೆಲ್ಲ ತುರಿಕೆ, ಮಳೆಗಾಲ ಮುಗಿಯುವ ತನಕ ಅದು ಹೋಗುವುದಿಲ್ಲ. ಇಪ್ಪತ್ತು ವರ್ಷದಿಂದ ಮನೆ ಕಟ್ಟಿಸುತ್ತಿದ್ದೇನೆ. ಈ ವಾಕ್ಯವನ್ನು ನನ್ನೆದುರು ಯಾರೂ ಹೇಳಿರಲಿಲ್ಲ, ಹೇಳುವುದೂ ಇಲ್ಲ.

ಮುಂದಿನ ಸಂಗತಿಯನ್ನು ನಾನು ಮಾರ್ಚ್ ಕೊನೆಯ ತನಕ ಹೇಗೆ ನೆನಪಿಟ್ಟುಕೊಂಡಿದ್ದೆನೋ ಹಾಗೇ ಬರೆಯುತ್ತೇನೆ. ಆ ವಾರವೇ ಒಂದು ದಿನ ಕೊಟ್ಟಿಗೆಹಾರದ ಹೋಟೆಲಿನಲ್ಲಿ ನೀರುದೋಸೆ ತಿನ್ನುತ್ತಿದ್ದೆವು. ಹೊರಗೆ ಜೋರು ಮಳೆ. ಒಳಗೆ ದೊಡ್ಡ ಒಲೆಯ ಹಿಂದಿನ ಗೋಡೆಗೆ ಹೋಟೆಲಿನವರು ಒದ್ದೆ ಟವೆಲುಗಳನ್ನು ಹಾಕಿದ್ದರು, ಅವುಗಳಿಂದ ಹಬೆ ಏಳುತ್ತಿತ್ತು. ಅದನ್ನು ನೋಡಿದ್ದೇ ತಡ, ನನಗೆ ಹೊಳೆಯಿತು: ಎರಡು ಮನೆಗಳ ಒಲೆ ಬೆನ್ನಿಗೆ ಬೆನ್ನು, ನಡುವೆ ನಾಲ್ಕಡಿ ಅಗಲದ ಒಂದು ಕೋಣೆ, ಅದರೊಳಗಿಂದ ಇಟ್ಟಿಗೆಯ ಚಿಮಣಿ ಮೇಲಕ್ಕೆ. ಹೊಗೆ ಹೊರಗೆ, ಬಿಸಿ ಒಳಗೆ.

ಅಲ್ಲಿಂದ ಶುರುವಾದ ಎರಡು ತಿಂಗಳು ನನ್ನ ಕೆಲಸದ ಬದುಕಿನಲ್ಲೇ ಅತ್ಯಂತ ಖುಷಿಯ ದಿನಗಳು. ಬೆಳಿಗ್ಗೆ ಕಚೇರಿಯ ಮೆಟ್ಟಿಲನ್ನು ಎರಡೆರಡು ದಾಟಿ ಹತ್ತುತ್ತಿದ್ದೆ. ಗ್ಯಾಸಿನ ಕಟ್ಟೆ ಇರಲಿ, ಜೊತೆಗೆ ಒಲೆಯೂ ಇರಲಿ ಎಂದು ತೀರ್ಮಾನವಾಯಿತು. ಹನ್ನೆರಡು ಮನೆ ಆರು ಜೋಡಿಯಾದವು. ಕೋಣೆಯ ಎರಡೂ ಬದಿಗೆ ಬಿದಿರಿನ ಅಡ್ಡಪಟ್ಟಿ, ನೀರಾವಿ ಹೋಗಲು ಹೆಂಚಿನ ಕೆಳಗೆ ಕಿಂಡಿ. ಹೆಂಗಸರು ಅದಕ್ಕೆ ಬೆಚ್ಚಗಿನ ಕೋಣೆ ಎಂದು ಹೆಸರಿಟ್ಟರು.

ಫೆಬ್ರವರಿಯಲ್ಲಿ ಲೈನಿನ ಒಂದು ಖಾಲಿ ಮನೆಯಲ್ಲಿ ಹಳೆ ಇಟ್ಟಿಗೆ, ಮಣ್ಣಿನಿಂದ ಮಾದರಿ ಕಟ್ಟಿ ಬೆಂಕಿ ಹಾಕಿದೆವು. ಒಂದೇ ಒಲೆ ಹಚ್ಚಿದಾಗ ಅದರ ಹೊಗೆ ಚಿಮಣಿ ಏರುವ ಬದಲು ನೇರ ಎದುರು ಒಲೆಯ ಬಾಯಿಂದ ಹೊರಬಂತು.

"ಪಕ್ಕದ್ಮನೇಲಿ ಸಾರು ಮಾಡಿದ್ರೆ ನಾನು ಅಳ್ಬೇಕಾ?" ಎಂದು ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮೂರು ದಿನ ತಲೆ ಕೆಡಿಸಿಕೊಂಡೆ. ಎರಡು ಒಲೆಗಳ ಹೊಗೆಗಂಡಿ ಚಿಮಣಿಯನ್ನು ಒಂದೇ ಎತ್ತರದಲ್ಲಿ ಎದುರುಬದುರಾಗಿ ಸೇರುತ್ತಿದ್ದವು. ಒಂದನ್ನು ಒಂದಡಿ ಮೇಲಕ್ಕೆ ತೆಗೆದುಕೊಂಡು, ಒಳಗೆ ಮೂರಡಿ ಎತ್ತರದ ತೆಳು ಅಡ್ಡಗೋಡೆ ಎಬ್ಬಿಸಿದಾಗ ಎರಡರ ಹೊಗೆಯೂ ಅದರದರ ಪಾಡಿಗೆ ಮೇಲೆ ಹೋಯಿತು. ಈ ಅಡ್ಡಗೋಡೆ ನನ್ನದೇ. ಇದನ್ನು ಮಾತ್ರ ಎರಡೆರಡು ಸಲ ಫೀಲ್ಡ್ ಬುಕ್ಕು ತೆರೆದು ಖಚಿತ ಮಾಡಿಕೊಂಡಿದ್ದೇನೆ.

ಮಾರ್ಚಿನಲ್ಲಿ ಕಣದ ಕಾಫಿಯೆಲ್ಲ ಎತ್ತಿದ ಮೇಲೆ ನನ್ನ ಸಹೋದ್ಯೋಗಿ ಒಂದು ಸಾಹಸಕ್ಕೆ ಕೈಹಾಕಿದರು. ಇಡೀ ಮನೆಯನ್ನು ಅದರ ನಿಜ ಅಳತೆಯಲ್ಲೇ ಕಣದ ಮೇಲೆ ಹಾಕುವುದು. ಸುಣ್ಣದಲ್ಲಿ ಗೆರೆ ಎಳೆಯುತ್ತೇವೆ ಎಂದಾಗ ರೈಟರು ಅಡ್ಡ ಬಂದರು.

"ಕಾಫಿ ಒಣಗ್ಸೋ ಕಣಕ್ಕೆ ಸುಣ್ಣವಾ? ನಾವು ಚಪ್ಲಿನೇ ಹಾಕಲ್ಲ ಇಲ್ಲಿ. ನಿಮಗೆಂತ ತಲೆ ಕೆಟ್ಟಿದ್ಯಾ?"

"ಸರಿ, ಸುಣ್ಣ ಬೇಡ ರೈಟ್ರೇ. ಗೋಣಿಚೀಲ ಕೊಡಿ, ಟಾರ್ಪಾಲು ಕೊಡಿ, ಬಿದಿರು ಕೊಡಿ. ಸಂಜೆ ಎಲ್ಲ ವಾಪಸು," ಎಂದರು ನನ್ನ ಸಹೋದ್ಯೋಗಿ. ಚಪ್ಪಲಿ ಆಗಲೇ ಕಣದ ಹೊರಗೆ ಬಿಟ್ಟಿದ್ದರು. ನಾನು ನನ್ನ ಬೂಟು ನೋಡಿಕೊಂಡು ಹಿಂದೆ ಸರಿದೆ.

ಗೋಣಿಚೀಲದ ಸಾಲೇ ಗೋಡೆ, ಚೀಲದ ನಡುವಿನ ಜಾಗವೇ ಬಾಗಿಲು. ಹೆಂಗಸರು ಮೊದಲು ನಾಚಿಕೊಂಡು ಅಂಚಿನಲ್ಲಿ ನಿಂತರು. ಅಕ್ಕ ಒಂದು ಕೊಡ ಹೊತ್ತು ಜಗಲಿಯಿಂದ ಅಡುಗೆಮನೆಗೆ ನಡೆದು, ಒಲೆ ಮುಂದೆ ಕೂತು, ಅಲ್ಲೇ ಎದ್ದರು.

"ಇಲ್ಲಿ ಕೂತ್ರೆ ಬೆನ್ನು ಬಾಗ್ಲಿಗೆ ಬರ್ತದೆ. ಯಾರು ಬಂದ್ರು, ಯಾರು ಹೋದ್ರು ಕಾಣಲ್ಲ. ಮಗಾ, ಈ ಗೋಡೆ ಅತ್ತ ತಳ್ಳು."

ನನ್ನ ಸಹೋದ್ಯೋಗಿ ಗೋಡೆ ತಳ್ಳಿದರು. ಅಲ್ಲಿಗೆ ಸಂಕೋಚ ಮುಗಿಯಿತು. ಹತ್ತು ಹೆಂಗಸರು ಒಟ್ಟಿಗೆ ಗೋಡೆ ತಳ್ಳತೊಡಗಿದರು. ಒಲೆ ತಿರುಗಿತು, ಬಚ್ಚಲ ಬಾಗಿಲು ಜಾಗ ಬದಲಿಸಿತು, ಬೆಚ್ಚಗಿನ ಕೋಣೆಯಲ್ಲಿ ಪಕ್ಕದ ಮನೆಯವರ ಬಟ್ಟೆ ಕಾಣಬಾರದೆಂದು ನಡುವೆ ಒಂದು ಬಿದಿರಿನ ತಟ್ಟಿ ಬಂತು. ಸಹೋದ್ಯೋಗಿ ಬರಿಗಾಲಿನಲ್ಲಿ ಓಡಾಡುತ್ತ ಟೇಪು ಹಿಡಿದು ಪ್ರತಿ ಬದಲಾವಣೆಯ ಅಳತೆ ಬರೆದುಕೊಳ್ಳುತ್ತಿದ್ದರು. ಇಬ್ಬರ ಬೇಡಿಕೆ ಒಂದಕ್ಕೊಂದು ಅಡ್ಡ ಬಂದರೆ, ಎರಡನ್ನೂ ಒಂದೊಂದು ಸಲ ಮಾಡಿ ತೋರಿಸಿ, ನಡೆದು ನೋಡಿ ಎನ್ನುತ್ತಿದ್ದರು. ಸಂಜೆ ಹೊತ್ತಿಗೆ ರೈಟರೂ ಚಪ್ಪಲಿ ಬಿಟ್ಟು ಒಳಗೆ ಬಂದು, "ಈ ಕಿಟಕಿ ಇಷ್ಟು ಕೆಳಗಿದ್ರೆ ನಾಯಿ ನುಗ್ತದೆ ಮಾರಾಯ್ರೆ," ಎಂದರು. ಕಿಟಕಿ ಮೇಲೆ ಹೋಯಿತು.

ನಾನು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ನೋಡುತ್ತಿದ್ದೆ. ಓದಿದ ಯಾವ ತರಗತಿಯಲ್ಲೂ ಇಂಥದ್ದು ಕಂಡಿರಲಿಲ್ಲ.

ಮಾರ್ಚ್ ಕೊನೆಗೆ ಬಂಗಲೆಯ ಜಗಲಿಯಲ್ಲಿ ಯಜಮಾನರ ಜೊತೆ ಸಭೆ. ಮಳೆಗೆ ಮುಂಚೆ ಒಂದು ಜೋಡಿ ಮನೆ, ಉಳಿದ ಹತ್ತು ಮಳೆ ಕಳೆದ ಮೇಲೆ, ಎಂಬುದು ನಮ್ಮ ಪ್ರಸ್ತಾಪ. ನಕ್ಷೆಯ ಕೆಳಮೂಲೆಯಲ್ಲಿ ಎಂದಿನಂತೆ ಮೂರು ಚೌಕ: ವಿನ್ಯಾಸ, ಚಿತ್ರಣ, ಪರಿಶೀಲನೆ. ಮೊದಲನೆಯದರಲ್ಲಿ ನನ್ನ ಹೆಸರು, ಎರಡನೆಯದರಲ್ಲಿ ಅವರದು, ಮೂರನೆಯದರಲ್ಲಿ ಮತ್ತೆ ನನ್ನದು. ಯಾವಾಗಲೂ ಹಾಗೇ ಇರುತ್ತಿತ್ತು.

ಯಜಮಾನರು ನಕ್ಷೆ ನೋಡಿ, "ಈ ನಡುವಿನ ಕೋಣೆ ಭಾರಿ ಚೆನ್ನಾಗಿದೆ ಮಾರಾಯ್ರೆ. ಎಲ್ಲಿಂದ ಹೊಳೀತು ಇದು?" ಎಂದು ಕೇಳಿದರು.

ನಾನು ಹೋಟೆಲಿನ ಕಥೆ ಹೇಳಿದೆ. ಮಳೆ, ಟವೆಲು, ಹಬೆ. ಉಪ್ಪುಖಾರ ಸೇರಿಸಿಯೇ ಹೇಳಿದೆ ಎಂದು ಕಾಣುತ್ತದೆ, ಯಜಮಾನರು ತೊಡೆ ತಟ್ಟಿಕೊಂಡರು. ನನ್ನ ಸಹೋದ್ಯೋಗಿ ಕಾಫಿ ಲೋಟ ನೋಡುತ್ತ ಕೂತಿದ್ದರು. ಕೆಲಸ ಮಂಜೂರಾಯಿತು.

ಜೀಪಿನಲ್ಲಿ ನಾನು ಒಂದೇ ಸಮನೆ ಮಾತಾಡುತ್ತಿದ್ದೆ. ಅರ್ಧ ದಾರಿಯಲ್ಲಿ ಅವರು ಒಂದೇ ಒಂದು ಮಾತು ಹೇಳಿದರು.

"ಸಾರ್, ಆವತ್ತು ಮಳೆ ಬರ್ಲಿಲ್ಲ."

"ಯಾವತ್ತು?"

"ಹೋಟೆಲಿಗೆ ಹೋದ ದಿನ. ಜನವರಿ ಅದು."

ನಾನು ವಾದ ಮಾಡಿದೆ. ಅಕಾಲದ ಮಳೆ ಬರುವುದಿಲ್ಲವೇ, ನನಗೆ ಸ್ಪಷ್ಟವಾಗಿ ನೆನಪಿದೆ, ಒದ್ದೆ ಬಟ್ಟೆಯ ಹೊಗೆ ವಾಸನೆ ಕೂಡ ನೆನಪಿದೆ ಎಂದೆ. ಅವರು ಕಿಟಕಿಯಾಚೆ ನೋಡತೊಡಗಿದರು. ಅವರ ಆ ಒಂದು ಮಾತು ನನ್ನನ್ನು ಕೂರಲು ಬಿಡಲಿಲ್ಲ. ನಮ್ಮ ಕಡೆ ಪ್ರತಿ ಎಸ್ಟೇಟಿನಲ್ಲೂ ಮಳೆ ಅಳೆಯುವ ಪಾತ್ರೆ ಇರುತ್ತದೆ, ದಿನದಿನದ ಮಳೆ ಬರೆದಿಡುವ ಪುಸ್ತಕ ಇರುತ್ತದೆ. ತೋಟದವರು ಬೇರೆ ಯಾವುದನ್ನು ಮರೆತರೂ ಅದನ್ನು ಮರೆಯುವುದಿಲ್ಲ. ಕಚೇರಿ ತಲುಪಿದ ಕೂಡಲೇ ರೈಟರಿಗೆ ಫೋನ್ ಮಾಡಿದೆ.

"ಜನವರಿ ಮೂರನೇ ವಾರ ಮಳೆ ಬಂದಿತ್ತಾ, ಸ್ವಲ್ಪ ಪುಸ್ತಕ ನೋಡಿ."

"ಜನವರಿಯಲ್ಲಿ ಎಂತ ಮಳೆ ಸಾರ್?" ಹಾಳೆ ತಿರುವಿದ ಸದ್ದು ಕೇಳಿಸಿತು. "ನಿಲ್ ಅಂತ ಬರ್ದಿದೆ. ಇಡೀ ತಿಂಗಳು ನಿಲ್, ಒಂದು ಹನಿಯೂ ಇಲ್ಲ. ಯಾಕೆ ಸಾರ್, ಗೋಡೆಗೇನಾದ್ರೂ ಆಯ್ತಾ?"

"ಗೋಡೆಗೆ ಏನೂ ಆಗಿಲ್ಲ," ಎಂದು ಫೋನ್ ಇಟ್ಟೆ.

ಆಮೇಲೆ ಫೀಲ್ಡ್ ಬುಕ್ಕು ತೆರೆದೆ. ಅಕ್ಕನ ಮನೆಗೆ ಹೋದ ಭಾನುವಾರದ ಮರುದಿನದ ಪುಟ, ನನ್ನ ಸಹೋದ್ಯೋಗಿಯ ಕೈಬರಹ. ಬೆನ್ನಿಗೆ ಬೆನ್ನು ಕೊಟ್ಟ ಎರಡು ಒಲೆ, ನಡುವೆ ಕೋಣೆ, ಚಿಮಣಿ, ಮೇಲೆ ಕಿಂಡಿಯ ಬಾಣದ ಗುರುತು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ನೋಡೋಣ" ಎಂದು ಬರೆದಿತ್ತು. ಕೆಂಪು ಪೆನ್ನು ಬಳಸುವವನು ನಾನೊಬ್ಬನೇ. ಹೋಟೆಲಿಗೆ ಹೋದದ್ದು ಅದಾಗಿ ಎರಡು ದಿನಕ್ಕೆ.

ಹಾಗಾದರೆ ಆ ಮಳೆ? ಸಹೋದ್ಯೋಗಿಯನ್ನೇ ಕೇಳಿದೆ. ಹೋಟೆಲಿನಲ್ಲಿ ನೀರುದೋಸೆ ತಿನ್ನುವಾಗ ಅವರು ತಮ್ಮ ಬಾಲ್ಯದ ಒಂದು ಸಂಗತಿ ಹೇಳಿದ್ದರಂತೆ. ಮಳೆಗಾಲದಲ್ಲಿ ಶಾಲೆಯ ಸಮವಸ್ತ್ರ ಒಂದೇ ಜೊತೆ. ರಾತ್ರಿ ಒಲೆಯ ಮೇಲೆ ಒಣಗಿಸಿ ಬೆಳಿಗ್ಗೆ ಹಾಕಿಕೊಂಡು ಹೋದರೆ ತರಗತಿಯಲ್ಲಿ ಪಕ್ಕದವರು ಹೊಗೆ ವಾಸನೆ ಎಂದು ದೂರ ಸರಿದು ಕೂರುತ್ತಿದ್ದರು. ಅವರ ಮಳೆಯನ್ನೂ, ಅವರ ಹೊಗೆ ವಾಸನೆಯನ್ನೂ ನಾನು ಎತ್ತಿಕೊಂಡು ನನ್ನ ಹೋಟೆಲಿಗೆ ತಂದು ಸುರಿದುಕೊಂಡಿದ್ದೆ. ಸುಳ್ಳು ಹೇಳುತ್ತಿದ್ದೇನೆ ಎಂಬ ಅರಿವು ಒಂದು ಕ್ಷಣವೂ ಇರಲಿಲ್ಲ. ಟವೆಲುಗಳಾದರೂ ಇದ್ದವೇ? ಅವರಿಗೆ ನೆನಪಿಲ್ಲ. ನನಗೆ ಈಗ ಅದರ ಮೇಲೂ ಅನುಮಾನ.

"ಆಗಲೇ ಯಾಕೆ ಹೇಳ್ಲಿಲ್ಲ?" ಎಂದೆ.

"ಯಜಮಾನರ ಎದುರು ನಿಮ್ಮ ಮಾತು ಸುಳ್ಳು ಅನ್ಲಾ? ಆಮೇಲೆ ಸೈಟಲ್ಲಿ ನನ್ನ ಮಾತು ಯಾರು ಕೇಳ್ತಾರೆ?"

"ಇದನ್ನ ಈಗಲೇ ಸರಿ ಮಾಡ್ತೀನಿ. ಮೊದಲ ಚೌಕದಲ್ಲಿ ನಿಮ್ಮ ಹೆಸರು ಬರ್ಲಿ."

ಅವರು ಖುಷಿಪಡುತ್ತಾರೆ ಅಂದುಕೊಂಡಿದ್ದೆ.

"ಬರೀ ಹೆಸರು ಬೇಡ ಸಾರ್. ಚೌಕದಲ್ಲಿ ನಾನಿದ್ದು, ಪ್ರತಿಯೊಂದಕ್ಕೂ ಮೇಸ್ತ್ರಿ ನಿಮ್ಮ ಮುಖ ನೋಡೋದಾದ್ರೆ, ನಿಮ್ಮ ಹೆಸರೇ ಇರ್ಲಿ. ಅದು ಕೊನೇ ಪಕ್ಷ ನಿಜ. ನಾನು ಹೇಳಿದ್ದು ನಡೀಬೇಕು. ನೀವು ಬೇಡ ಅಂದ್ರೂ ನಡೀಬೇಕು. ಆಗ್ತದಾ?"

ತಕ್ಷಣ ಹೂಂ ಎನ್ನಲಾಗಲಿಲ್ಲ. ಕಚೇರಿಯ ಎರಡು ಕೋಣೆಗಳಲ್ಲಿ ಹತ್ತಾರು ಸಲ ಅತ್ತಿತ್ತ ನಡೆದೆ. ಈ ಮನೆಗಳು ನನ್ನವು ಎಂದು ಊರೆಲ್ಲ ಹೇಳಿಕೊಂಡಿದ್ದೆ. ನನಗೆ ಅವು ತುಂಬ ಬೇಕಾಗಿದ್ದವು. ಆದರೆ ಕಣದ ಮೇಲೆ ಬೂಟು ಹಿಡಿದು ನಿಂತ ದಿನ ಈ ಕೆಲಸವನ್ನು ನಡೆಸುತ್ತಿದ್ದವರು ಯಾರು ಎಂಬುದಕ್ಕೆ ಯಾವ ಪುಸ್ತಕವೂ ಬೇಕಿರಲಿಲ್ಲ.

"ಆಗ್ತದೆ," ಎಂದೆ. "ಪರಿಶೀಲನೆಯ ಚೌಕ ನನಗಿರ್ಲಿ."

"ಇರ್ಲಿ. ತಪ್ಪು ಕಂಡ್ರೆ ಹೇಳಿ. ತೀರ್ಮಾನ ನನ್ದು."

ಮರುದಿನ ಬೆಳಿಗ್ಗೆ ಇಬ್ಬರೂ ಬಂಗಲೆಗೆ ಹೋದೆವು. ಹೋಟೆಲಿನ ಕಥೆ ತಪ್ಪು, ಆ ಕೋಣೆ ಇವರದು, ಈ ಕೆಲಸದ ಆರ್ಕಿಟೆಕ್ಟ್ ಇನ್ನು ಮುಂದೆ ಇವರು ಎಂದು ಹೇಳಿ ಫೀಲ್ಡ್ ಬುಕ್ಕಿನ ಪುಟ ತೋರಿಸಿದೆ. ಯಜಮಾನರು ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು.

"ನಿಮ್ಮನ್ನ ನಂಬಿ ಕೆಲಸ ಕೊಟ್ಟಿದ್ದು ನಾನು. ನಾಳೆ ಇವರು ಹೇಳಿದ್ದು ತಪ್ಪಾದ್ರೆ?"

"ನಾನು ಹೇಳಿದ್ದು ತಪ್ಪಾಗಿದ್ರೆ ಎಂತ ಮಾಡ್ತಿದ್ರಿ?"

"ಬೈತಿದ್ದೆ."

"ಇವರಿಗೂ ಬೈಯಿರಿ. ನನ್ನ ಕೈಲಿ ಹೇಳಿ ಕಳಿಸ್ಬೇಡಿ, ನೇರ ಬೈಯಿರಿ."

ಯಜಮಾನರು ನನ್ನ ಸಹೋದ್ಯೋಗಿಯ ಕಡೆ ತಿರುಗಿದರು. "ಬೈಸ್ಕೊಳ್ಳೋಕೆ ತಯಾರಿದ್ದೀರಾ?"

"ತಯಾರಿದ್ದೀನಿ ಸಾರ್. ಆದ್ರೆ ಈ ಜೋಡಿಯ ಚಿಮಣಿಗೆ ಮೂರು ಲೋಡು ಇಟ್ಟಿಗೆ ಈ ವಾರವೇ ಬೇಕು. ಅದು ತಡ ಆದ್ರೆ ನಾನೇ ನಿಮಗೆ ಬೈಬೇಕಾಗ್ತದೆ."

ಯಜಮಾನರು ಒಳಗಡೆ ಮುಖ ಮಾಡಿ ಇನ್ನೊಂದು ಸಲ ಕಾಫಿ ತರಲು ಹೇಳಿದರು. (ಮೂರು ಲೋಡಲ್ಲ, ಒಂದೇ ಲೋಡು ಎಂದು ಇದನ್ನು ಓದಿ ನನ್ನ ಸಹೋದ್ಯೋಗಿ ತಿದ್ದಿದ್ದಾರೆ. ಹಾಗೇ ಬಿಟ್ಟಿದ್ದೇನೆ, ನನ್ನ ನೆನಪು ಹೇಗೆ ಉಬ್ಬುತ್ತದೆ ಎಂದು ಓದುಗರಿಗೂ ತಿಳಿಯಲಿ.)

ಏಪ್ರಿಲ್, ಮೇ ಎರಡೂ ತಿಂಗಳು ಓಟ. ಚಾರ್ಮಾಡಿ ಘಾಟಿ ಹತ್ತಿ ಬಂದ ಕೆಂಪುಕಲ್ಲಿನಲ್ಲಿ ಗೋಡೆ ಎದ್ದವು. ಮೊದಮೊದಲು ಮೇಸ್ತ್ರಿ ಪ್ರತಿ ಪ್ರಶ್ನೆಯನ್ನೂ ನನ್ನತ್ತ ಎಸೆಯುತ್ತಿದ್ದ. ನಾನು ಜೀಪು ಬಿಟ್ಟು ಇಳಿಯುವುದನ್ನೇ ನಿಲ್ಲಿಸಿದೆ.

ನಿಜವಾದ ಪರೀಕ್ಷೆ ಬಂದದ್ದು ಮೇ ಕೊನೆಯ ವಾರ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು, ಅದನ್ನು ನೋಡಿ ಆವತ್ತು ನಾನೂ ಜೀಪಿನಿಂದ ಇಳಿದಿದ್ದೆ. ಚಿಮಣಿ ಹೆಂಚಿನ ಮಾಡಿನ ನೆತ್ತಿಯಿಂದ ಒಂದಡಿ ಮೇಲೆ ಬಂದಿತ್ತು. ನಕ್ಷೆಯಲ್ಲಿದ್ದದ್ದು ಮೂರಡಿ. ಅಷ್ಟು ಏರಿಸಲು ಇನ್ನೂ ಎರಡು ದಿನ ಬೇಕು, ಅಷ್ಟರ ತನಕ ಅದರ ಸುತ್ತ ಹೆಂಚು ಕೂರಿಸುವಂತಿಲ್ಲ. ಮೇಸ್ತ್ರಿ ಕೆಳಗೆ ಇಳಿದು ಬಂದ.

"ಮೇಡಮ್, ಇಷ್ಟು ಸಾಕು. ಮಳೆ ಬಂದ್ರೆ ಒಳಗೆಲ್ಲ ಕೆರೆ ಆಗ್ತದೆ."

"ಮೂರಡಿ ಬೇಕು. ಇಲ್ದಿದ್ರೆ ಮುಂಗಾರಿನ ಗಾಳಿ ಹೊಗೆನ ಒಳಗೇ ತಳ್ತದೆ."

ಮೇಸ್ತ್ರಿ ನನ್ನ ಕಡೆ ತಿರುಗಿದ. "ಸಾರ್, ನೀವಾದ್ರೂ ಹೇಳಿ."

ನಿಜ ಹೇಳುತ್ತೇನೆ, ನಾನು ಮೇಸ್ತ್ರಿಯ ಪರ ಇದ್ದೆ. ಒಂದಡಿ ಸಾಕು ಎಂದು ನನ್ನ ಲೆಕ್ಕವೂ ಹೇಳುತ್ತಿತ್ತು. ಮೋಡ ನೋಡಿದೆ, ಸಹೋದ್ಯೋಗಿಯನ್ನು ನೋಡಿದೆ. ಅವರು ನನ್ನನ್ನು ನೋಡಲಿಲ್ಲ, ಚಿಮಣಿ ನೋಡುತ್ತಿದ್ದರು.

"ನನಗೆ ಒಂದಡಿ ಸಾಕು ಅನ್ಸ್ತದೆ," ಎಂದು ಅವರಿಗೇ ಹೇಳಿದೆ. "ಪರಿಶೀಲನೆ ಮುಗೀತು. ತೀರ್ಮಾನ ನಿಮ್ದು."

"ಮೂರಡಿ," ಎಂದರು ಅವರು.

"ಆರ್ಕಿಟೆಕ್ಟ್ ಹೇಳಿದ್ದು ಕೇಳಿಸ್ತಲ್ಲ," ಎಂದೆ ಮೇಸ್ತ್ರಿಗೆ. ಅವನು ಗೊಣಗುತ್ತ ಏಣಿ ಹತ್ತಿದ.

ಎರಡನೇ ದಿನ ಮಧ್ಯಾಹ್ನ ಮಳೆ ಹೊಡೆಯಿತು. ರೈಟರು ಕಾಫಿಯ ಟಾರ್ಪಾಲು ಹೊತ್ತು ಓಡಿ ಬಂದರು, ಆರು ಜನ ಸೇರಿ ತೆರೆದ ಮಾಡಿಗೆ ಅದನ್ನು ಎಳೆದು ಕಟ್ಟಿದೆವು. ಮೇಸ್ತ್ರಿ ಒಂದೇ ಸಮನೆ ಬೈಯುತ್ತಿದ್ದ. ಯಾರನ್ನು ಬೈಯಬೇಕೋ ಅವರನ್ನೇ, ಮುಖಕ್ಕೇ ಬೈಯುತ್ತಿದ್ದ. ಸಹೋದ್ಯೋಗಿ ನೆಂದು ತೊಪ್ಪೆಯಾಗಿ ನಗುತ್ತಿದ್ದರು. ಮಳೆ ಬಿಟ್ಟ ಮೇಲೆ ಕೊನೆಯ ಹೆಂಚು ಕೂತಿತು.

ಜೂನ್ ಕೊನೆಗೆ ಅಕ್ಕನ ಹೊಸ ಮನೆಗೆ ಹೋದೆ. ಹೊರಗೆ ಗಾಳಿ ಮಳೆಯನ್ನು ಅಡ್ಡಡ್ಡ ಬೀಸುತ್ತಿತ್ತು. ಎರಡೂ ಒಲೆ ಉರಿಯುತ್ತಿದ್ದವು, ಹೊಗೆ ನೆಟ್ಟಗೆ ಮೇಲೆ ಹೋಗುತ್ತಿತ್ತು. ಒಂದಡಿಯಾಗಿದ್ದರೆ ಏನಾಗುತ್ತಿತ್ತು ಎಂದು ನಾನು ಯಾರನ್ನೂ ಕೇಳಲಿಲ್ಲ. ಅಕ್ಕ ನನ್ನ ಒದ್ದೆ ಜರ್ಕಿನ್ನು ಕಿತ್ತುಕೊಂಡು ಬೆಚ್ಚಗಿನ ಕೋಣೆಯೊಳಗೆ ನೇತುಹಾಕಿದರು. ಎರಡು ಲೋಟ ಕಾಫಿ ಕುಡಿದು ಊರಿನ ಸುದ್ದಿ ಮುಗಿಸುವ ಹೊತ್ತಿಗೆ ಅದು ಬಿಸಿಬಿಸಿಯಾಗಿ ಕೈಗೆ ಬಂತು.

"ಹ್ಯಾಂಗಿದೆ ಅಕ್ಕ? ಈ ಸಲ ಬಂಗ್ಲೆಗೆ ಹೋಗ್ತೀರಾ?"

"ಯಜಮಾನ್ರೇ ಮೊನ್ನೆ ಇಲ್ಲಿಗೆ ಬಂದಿದ್ರು. ಅವರ ಕಂಬಳಿ ಒಣಗ್ಲಿಲ್ಲವಂತೆ."

ಜುಲೈಯಲ್ಲಿ ಒಂದು ಬೆಳಿಗ್ಗೆ ಕಚೇರಿಯಲ್ಲಿ ಫೋನ್ ಬಂತು. ಉಳಿದ ಹತ್ತು ಮನೆಗಳ ನಕ್ಷೆ ಮೇಜಿನ ಮೇಲಿತ್ತು. ರೈಟರು.

"ಸಾರ್, ಲೈನಿನವರೆಲ್ಲ ಸೇರಿ ಮಾತಾಡಿದಾರೆ. ಮುಂದಿನ ಮನೆಗಳಲ್ಲಿ ಬೆಚ್ಚಗಿನ ಕೋಣೆಯ ಮೇಲಿನ ಪಟ್ಟಿ ಒಂದು ಗೇಣು ಕೆಳಗೆ ಬೇಕಂತೆ. ಆರ್ಕಿಟೆಕ್ಟ್ ಇದ್ದಾರಾ?"

"ಹೇಳಿ, ನಾನೇ."

"ನೀವಲ್ಲ ಸಾರ್. ಆರ್ಕಿಟೆಕ್ಟ್‌ಗೆ ಕೊಡಿ."

ಫೋನ್ ಕೊಟ್ಟೆ. ಅವರು "ಹೇಳಿ ರೈಟ್ರೇ" ಎನ್ನುತ್ತ ನಕ್ಷೆಯ ಮೇಲೆ ಬಾಗಿ ಪೆನ್ಸಿಲ್ ಕೈಗೆತ್ತಿಕೊಂಡರು. ಕಿಟಕಿಯಾಚೆ ಬಸ್‌ಸ್ಟ್ಯಾಂಡಿನ ಮೇಲೆ ಮಳೆ ಸುರಿಯುತ್ತಿತ್ತು. ನಾನು ಫೀಲ್ಡ್ ಬುಕ್ಕು ತೆರೆದು, ತಾರೀಖು ಹಾಕಿ, ಮಳೆ ಬರುತ್ತಿದೆ ಎಂದು ಆಗಲೇ ಬರೆದಿಟ್ಟೆ.